ಬಿಲ್ಡ್ ಆಯ್ತಾ? ಬೂಟ್ ಮಾಡಿ ನೋಡು

ಮಗಾ, ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ತಾತಾ, ಲಿನಕ್ಸ್ ಕರ್ನಲ್ ಬಿಲ್ಡ್‌ನ ಎರರ್ ಹೋಯ್ತು’ ಅಂದೆ. ಹೇಗೋ ಅಂದರೆ, ‘ಟ್ರೂ, ಫಾಲ್ಸ್ ಅಂತಿದ್ದ ಸಾಲನ್ನೇ ಅಳಿಸಿಬಿಟ್ಟೆ’ ಅಂತ ಬೀಗಿದೆ. ಭೇಷ್! ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡೆ.

2025ರಲ್ಲಿ ಬಂದ ಜಿಸಿಸಿ 15 ಕಂಪೈಲರ್, ನೀನೇನೂ ಹೇಳದಿದ್ದರೆ ಕೋಡನ್ನು ಸಿ ಭಾಷೆಯ ಸಿ23 ರೂಪ ಅಂತಲೇ ಓದುತ್ತೆ. ಅದರಲ್ಲಿ ಟ್ರೂ, ಫಾಲ್ಸ್ ಎರಡೂ ಕೀವರ್ಡು, ಮತ್ತೆ ಹೆಸರಾಗಿ ಬಳಸುವಂತಿಲ್ಲ; ಅದಕ್ಕೇ ನಿನಗೆ ಎರರ್ ಬಂದದ್ದು. ಕರ್ನಲ್‌ನ ಮುಖ್ಯ ಮೇಕ್‌ಫೈಲ್ ‘ಹಳೇ ಜಿಎನ್‌ಯು11 ಪ್ರಕಾರ ಓದು’ ಅಂತ 2022ರಿಂದ ಹೇಳುತ್ತಲೇ ಇದೆ. ಆದರೆ ಎಕ್ಸ್86ರ ಬೂಟ್ ಭಾಗ ಬೇರೆ ಮನೆ ಮಾಡಿದ ತಮ್ಮನಿದ್ದ ಹಾಗೆ. ಅವನ ಫ್ಲ್ಯಾಗುಗಳು ಅವನವೇ. ದೊಡ್ಡಮನೆ ಮಾತು ಅವನ ಕಿವಿಗೆ ಬೀಳಲಿಲ್ಲ. ಅಲ್ಲಿಗೂ ಅದೇ ಜಿಎನ್‌ಯು11 ಫ್ಲ್ಯಾಗ್ ಸೇರಿಸಿದ್ದರೆ ಮುಗಿಯುತ್ತಿತ್ತು. ಮೇಕ್‌ಗೆ ‘ವಿ=1’ ಕೊಟ್ಟು ನೋಡಿದ್ದರೆ ಕಂಪೈಲರನ್ನು ಕರೆದ ಪೂರ್ತಿ ಸಾಲು ಕಣ್ಣೆದುರೇ ಇರುತ್ತಿತ್ತು. ನಿನಗೆಲ್ಲಿ ಪುರುಸೊತ್ತು? ಸೋಲದೇವನಹಳ್ಳಿ ಸ್ಟೇಷನ್ನಿನಲ್ಲಿ ತುಮಕೂರು ರೈಲು ಐದು ನಿಮಿಷ ತಡವಾದರೆ ಆಟೋ ಕೂಗುವವನು ನೀನು.

ದೊಡ್ಡವರೂ ಎಡವಿದ್ದಾರೆ ಬಿಡು. 2020ರಲ್ಲಿ ಜಿಸಿಸಿ 10 ಬಂದಾಗ ಕರ್ನಲ್ ಚೆನ್ನಾಗೇ ಬಿಲ್ಡ್ ಆಯ್ತು, ಬೂಟ್ ಆಗುವಾಗ ಬಿದ್ದುಹೋಯ್ತು. ಮೊದಲನೆಯದು ಬಿಟ್ಟು ಉಳಿದ ಸಿಪಿಯುಗಳನ್ನು ಎಬ್ಬಿಸುವ ಫಂಕ್ಷನ್ ಒಂದಿದೆ. ಸ್ಟ್ಯಾಕ್ ಕಾಯಲು ಇಟ್ಟ ಕ್ಯಾನರಿ ಗುರುತನ್ನು ಅದು ನಡುವೆ ತಾನೇ ಬದಲಿಸುತ್ತೆ. ವಾಪಸ್ ಬರುವ ಪೈಕಿಯೇ ಅಲ್ಲ, ಹಾಗಾಗಿ ಯಾರೂ ಗುರುತು ಕೇಳುತ್ತಿರಲಿಲ್ಲ. ಹೊಸ ಕಂಪೈಲರ್ ಜಾಣತನ ತೋರಿ ಕೊನೆಯ ಕಾಲ್ ಅನ್ನು ಬರೀ ಜಂಪ್ ಮಾಡಿತು. ಜಂಪ್‌ಗೆ ಮುಂಚೆ ತಪಾಸಣೆ ಇಟ್ಟಿತು. ಗುರುತು ತಾಳೆಯಾಗಲಿಲ್ಲ, ಪ್ಯಾನಿಕ್!

ಇಡೀ ಫೈಲಿಗೇ ಕಾವಲು ತೆಗೆಯಬಹುದಿತ್ತು, ನಿನ್ನ ಥರ. ಅವರು ಒಂದೇ ಫಂಕ್ಷನ್ನಿಗೆ ಆಟ್ರಿಬ್ಯೂಟ್ ಹಾಕಿ ತೆಗೆಯಲು ಹೋದರೆ ಅದು ಉಳಿದ ಫ್ಲ್ಯಾಗುಗಳನ್ನೂ ನುಂಗಿತು. ಆಮೇಲೆ, ಆ ಕಾಲ್ ಜಂಪ್ ಆಗದಿರಲಿ ಅಂತ ಫಂಕ್ಷನ್ನಿನ ಕೊನೆಯಲ್ಲಿ ಖಾಲಿ ಅಸೆಂಬ್ಲಿ ಸಾಲಿಟ್ಟರು. ಮುಂದೊಂದು ದಿನ ಕಂಪೈಲರ್ ಅದನ್ನೂ ಅಳಿಸೀತು ಅನ್ನಿಸಿತು. ಕಡೆಗೆ ಅದರ ಜಾಗದಲ್ಲಿ, ಕಂಪೈಲರ್ ಅಳಿಸಲಾಗದ ಮೆಮೊರಿ ಬ್ಯಾರಿಯರ್ ಇಟ್ಟರು. ಆ ಕಮಿಟ್‌ನ ತಲೆಬರಹದಲ್ಲೇ ‘ಮೂರನೇ ಪ್ರಯತ್ನ’ ಅಂತ ನಾಚಿಕೆಯಿಲ್ಲದೆ ಬರೆದಿದ್ದಾರೆ. ನನಗೆ ಅದೇ ಇಷ್ಟ.

ನಾನೂ ಸಾಚಾ ಅಲ್ಲ. ಹಳೇ ಕೆಲಸದಲ್ಲಿ ಒಂದು ಮೇಕ್‌ಫೈಲಿಗೆ ಫ್ಲ್ಯಾಗ್ ತುರುಕಿ, ಯಾಕೆ ಅಂತ ಬರೆಯದೆ ಊಟಕ್ಕೆ ಎದ್ದುಹೋಗಿದ್ದೆ. ವರ್ಷಗಳಾದ ಮೇಲೆ ಹೊಸ ಹುಡುಗಿಯೊಬ್ಬಳು ಫೋನ್ ಮಾಡಿ, ‘ಸರ್, ಇದು ತೆಗೀಬಹುದಾ?’ ಅಂದಳು. ನೆನಪಿದ್ದರೆ ತಾನೇ! ಹೂಂ, ಊಹೂಂ ಎರಡೂ ಬಾಯಿಗೆ ಬರಲಿಲ್ಲ.

ಅಳಿಸಿದ ಸಾಲು ವಾಪಸ್ ಹಾಕು. ಫ್ಲ್ಯಾಗ್ ಸೇರಿಸಿ, ಮೇಲೆ ಎರಡು ಸಾಲು ಕಾಮೆಂಟ್ ಬರಿ: ಯಾವ ಕಂಪೈಲರ್, ಯಾವ ಎರರ್. ಬೂಟ್ ಮಾಡಿ ನೋಡಿ ಆಮೇಲೆ ಫೋನ್ ಮಾಡು. ಹನ್ನೊಂದು ಗಂಟೆಗೆ ಬೇಡ, ಮಾರಾಯ.