ಗುಲಾಬಿಯ ಪಕಳೆ ಎಣಿಸುವವರಿಗೆ

ಸಿಂಗಟಾಲೂರಿನ ತಂಗಿ,

ಪಿಯುಸಿ ಜೀವಶಾಸ್ತ್ರದಲ್ಲಿ ಹೂವಿನ ಪಾಠ ಬಂತೆಂದರೆ ಚಿತ್ರ ಬರೆದು, ಭಾಗ ಗುರುತಿಸಿ ಮುಗಿಸುವವರೇ ಹೆಚ್ಚು. ನೀನು ಹಾಗೆ ಮಾಡಬೇಡ. ನಿಮ್ಮೂರ ವೀರಭದ್ರೇಶ್ವರನ ಗುಡಿಗೆ ಒಯ್ಯುವ ಹೂವಿನಲ್ಲಿ ಒಂದು ಗುಲಾಬಿ ತೆಗೆದಿಟ್ಟುಕೊಂಡು, ಹೊರಗಿನಿಂದ ಒಂದೊಂದೇ ಪಕಳೆ ಬಿಡಿಸಿ ಸಾಲಾಗಿ ಇಡು. ಒಳಗೆ ಹೋದಂತೆ ಪಕಳೆಗಳು ಸಣ್ಣವಾಗುತ್ತವೆ, ಸೊಟ್ಟಗಾಗುತ್ತವೆ. ನಡುವಿನ ಹತ್ತಿರ, ಅಂಚಿಗೆ ಹಳದಿ ಪರಾಗಚೀಲ ಅಂಟಿಕೊಂಡ ಒಂದು ಚೂರು ಸಿಕ್ಕೀತು. ಅದು ಅರ್ಧ ಪಕಳೆ, ಅರ್ಧ ಕೇಸರ.

ಕಾಡು ಗುಲಾಬಿಗೆ ಸಾಮಾನ್ಯವಾಗಿ ಐದೇ ಪಕಳೆ, ಕೇಸರ ಮಾತ್ರ ಹತ್ತಾರು. ತೋಟದ ಗುಲಾಬಿಯಲ್ಲಿ ಕೇಸರ ಹುಟ್ಟಬೇಕಿದ್ದ ಜಾಗವನ್ನೇ ಪಕಳೆಗಳು ಹಿಡಿದಿವೆ. ಇದು ಹೇಗಾಯಿತು ಎಂಬುದಕ್ಕೆ ದಾರಿ ತೋರಿದವರು ವಿಜ್ಞಾನಿಗಳಾದ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯೆರೊವಿಟ್ಜ್. 1991ರಲ್ಲಿ ಅವರು ಮುಂದಿಟ್ಟ ಲೆಕ್ಕದ ಪ್ರಕಾರ, ಹೂವಿನ ಭಾಗಗಳನ್ನು ಎ, ಬಿ, ಸಿ ಎಂಬ ಮೂರು ಗುಂಪಿನ ವಂಶವಾಹಿಗಳು ನಿರ್ಧರಿಸುತ್ತವೆ: ಎ ಗುಂಪಿನವಷ್ಟೇ ಕೆಲಸ ಮಾಡಿದಲ್ಲಿ ಹಸಿರು ಪುಷ್ಪಪತ್ರ, ಎ-ಬಿ ಕೂಡಿದಲ್ಲಿ ಪಕಳೆ, ಬಿ-ಸಿ ಕೂಡಿದಲ್ಲಿ ಕೇಸರ, ಸಿ ಒಂದೇ ಇದ್ದಲ್ಲಿ ಅಂಡಕೋಶ. ಸಿ ಗುಂಪಿನ ‘ಅಗಾಮಸ್’ ವಂಶವಾಹಿಯ ಸೀಮೆ ತೋಟದ ಗುಲಾಬಿಯಲ್ಲಿ ನಡುವಿಗೆ ಸರಿದಿದೆ ಎಂದು ಫ್ರಾನ್ಸಿನ ಸಂಶೋಧಕರು 2010ರಲ್ಲಿ ತೋರಿಸಿದರು. ಅದು ಬಿಟ್ಟುಕೊಟ್ಟ ಜಾಗದಲ್ಲಿ ಪಕಳೆ ಮೂಡುತ್ತದೆ. ಚೀನಾದ ಮತ್ತು ಯುರೋಪಿನ ತೋಟಗಾರರು ಬೇರೆ ಬೇರೆಯಾಗಿ ಆರಿಸಿ ಬೆಳೆಸಿದ ಗುಲಾಬಿಗಳಲ್ಲೂ ಆದದ್ದು ಇದೇ. ವಂಶವಾಹಿಯ ಸುದ್ದಿಯೇ ಇಲ್ಲದ ಕಾಲದಲ್ಲಿ, ಬರೀ ಕಣ್ಣಳತೆಯಿಂದ!

ಸೇಬೂ ಗುಲಾಬಿಯದೇ ಕುಟುಂಬ. ಅದರ ಕೆಲವು ತಳಿಗಳಲ್ಲಿ ಬಿ ಗುಂಪಿನ ಒಂದು ವಂಶವಾಹಿ ಕೆಟ್ಟಿರುವುದನ್ನು ನ್ಯೂಜಿಲೆಂಡಿನ ವಿಜ್ಞಾನಿಗಳು 2001ರಲ್ಲಿ ಪತ್ತೆಮಾಡಿದರು. ಅಂಥ ಹೂವಿಗೆ ಪಕಳೆಯೂ ಇಲ್ಲ, ಕೇಸರವೂ ಇಲ್ಲ. ಆದರೂ ಬೀಜವಿಲ್ಲದ ಹಣ್ಣು ಕಟ್ಟುತ್ತದೆ.

ಹೂವಿನ ಈ ವಿಜ್ಞಾನ ಓದಲು ಕಡಲು ದಾಟಬೇಕಿಲ್ಲ ತಂಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಷಾ ವಿಜಯರಾಘವನ್ ಅವರು ಭತ್ತದ ಹೂವಿನ ಇಂಥದೇ ವಂಶವಾಹಿಗಳ ಮೇಲೆ ಬಹುಕಾಲ ಕೆಲಸ ಮಾಡಿದ್ದಾರೆ. ತುಂಗಭದ್ರೆಯ ದಂಡೆಯವರಿಗೆ ಭತ್ತವೇನು ಹೊಸದಲ್ಲ.

ನೀನು ಅಂಥ ಓದಿಗೆ ಹೋಗುವವರೆಗೆ ಒಂದು ಕೆಲಸ ಹಚ್ಚಿಕೊ. ಚಳಿಗೆ ಗುಲಾಬಿಯ ಅಗಾಮಸ್ ತಗ್ಗಿ ಪಕಳೆ ಹೆಚ್ಚುತ್ತವೆ ಎಂದು ಚೀನಾದ ಸಂಶೋಧಕರು 2015ರಲ್ಲಿ ಬರೆದಿದ್ದಾರೆ. ಅಂಗಳದ ಒಂದೇ ಗಿಡದ ಹೂಗಳನ್ನು ಜನವರಿಯಲ್ಲೂ ಮೇ ತಿಂಗಳಲ್ಲೂ ಬಿಡಿಸಿ, ಪಕಳೆ, ಕೇಸರ ಎರಡನ್ನೂ ಎಣಿಸು. ಪಕಳೆಯ ಸಂಖ್ಯೆ ಮೊಗ್ಗು ಕಣ್ಣಿಗೆ ಬೀಳುವ ಮೊದಲೇ ನಿಶ್ಚಯವಾಗಿರುತ್ತದೆ. ಹಾಗಾಗಿ ಹೂ ಅರಳಿದ ದಿನದ್ದಷ್ಟೇ ಅಲ್ಲ, ಹಿಂದಿನ ವಾರಗಳ ಬಿಸಿಲು-ಚಳಿಯನ್ನೂ ತಾರೀಕು ಹಾಕಿ ಬರೆದಿಡು. ನಿನ್ನ ಲೆಕ್ಕ ಅವರದಕ್ಕೆ ಹೊಂದದಿದ್ದರೆ ತಿದ್ದಲು ಹೋಗಬೇಡ, ಇದ್ದದ್ದನ್ನು ಇದ್ದ ಹಾಗೆ ಮಾಸ್ತರರಿಗೆ ತೋರಿಸು.