ಆ ಆರು ಅಂಕಿ ಓದಿ ನೋಡಿ

ಎರಡು ಫೋನುಗಳನ್ನು ಬ್ಲೂಟೂತ್‌ನಲ್ಲಿ ಜೋಡಿಸುವಾಗ ಎರಡರ ಪರದೆಯ ಮೇಲೂ ಆರು ಅಂಕಿ ಮೂಡುತ್ತವಲ್ಲ, ದಯವಿಟ್ಟು ಓದದೆ ‘ಪೇರ್’ ಒತ್ತಬೇಡಿ. ನಡುವೆ ಯಾವ ಸರ್ವರೂ ಇಲ್ಲದೆ ಎರಡೂ ಸೇರಿ ಒಂದು ಗುಟ್ಟಿನ ಕೀಲಿ ಹುಟ್ಟಿಸಿಕೊಳ್ಳುತ್ತಿರುವ ಗಳಿಗೆ ಅದು. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಪ್ರಕಟಿಸಿದ ಉಪಾಯವೇ ಇದರ ಬೇರು: ಗಾಳಿಯಲ್ಲಿ ಹೋಗುವುದನ್ನೆಲ್ಲ ಕದ್ದು ಕೇಳಿದವನಿಗೂ ಕೀಲಿ ದಕ್ಕದು. ಎಂಥ ಚೆಂದದ ಗಣಿತ! ಆದರೆ ಎದುರಿಗಿರುವುದು ತಂಗಿಯ ಫೋನೋ, ಪಕ್ಕದ ಬೆಂಚಿನ ಅಪರಿಚಿತನದೋ ಎಂಬುದು ಆ ಗಣಿತಕ್ಕೆ ತಿಳಿಯದು. ಮಧ್ಯೆ ನುಸುಳಿದವನು ಇಬ್ಬರೊಡನೆಯೂ ಬೇರೆ ಬೇರೆ ಕೀಲಿ ಮಾಡಿಕೊಂಡರೆ, ಅಂಕಿಗಳು ತಾಳೆಯಾಗುವ ಸಂಭವ 10 ಲಕ್ಷಕ್ಕೆ ಒಂದು. ಹಾಗಾಗಿ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ನೋಡಲಿ. ಇದು ಒಟಿಪಿಯಂತಲ್ಲ, ಪಕ್ಕದವರ ಕಿವಿಗೆ ಬಿದ್ದರೂ ಚಿಂತೆಯಿಲ್ಲ. ಒಂದೇ ಒಂದು ಅಂಕಿ ತಪ್ಪಿದರೂ ರದ್ದು ಮಾಡಿ, ಜಾಗ ಬದಲಿಸಿ, ಮೊದಲಿಂದ ಜೋಡಿಸಿ.