ಶಾಲಾ ಆರಂಭದ ವೇಳೆ ಮತ್ತು ಬಸ್ಸಿನ ವೇಳಾಪಟ್ಟಿ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ಬೆಳಗಿನ ಹೊತ್ತು ಇನ್ನೊಂದು ಬಸ್ಸು ಬೇಕೆಂಬ ಬೇಡಿಕೆ ಗ್ರಾಮಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಠರಾವಿನ ರೂಪದಲ್ಲಿ ಸಾರಿಗೆ ಘಟಕಕ್ಕೆ ತಲುಪುತ್ತದೆ. ವಾಹನ ಮತ್ತು ಸಿಬ್ಬಂದಿಯ ಕೊರತೆಯೆಂಬ ಉತ್ತರ ಬಂದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ. ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸದೆ, ಶಾಲೆಗಳ ವೇಳೆಯನ್ನು ಹೊಂದಿಸಿ ಅದೇ ಬಸ್ಸನ್ನು ಎರಡು ಬಾರಿ ಬಳಸಲು ಸಾಧ್ಯವೇ ಎಂಬುದು ಈ ಪಾಠದ ವಿಷಯ.

1. ಹಿನಕಲ್ ಏಕೆ ಉದಾಹರಣೆ?

ಹಿಂದೆ ಗ್ರಾಮ ಪಂಚಾಯಿತಿಯಾಗಿದ್ದು, ನಂತರ ಹೂಟಗಳ್ಳಿ ನಗರಸಭೆಯ ವ್ಯಾಪ್ತಿಗೆ ಸೇರಿದ ಹಿನಕಲ್, ಮೈಸೂರು–ಹುಣಸೂರು ಹೆದ್ದಾರಿಯೂ ವರ್ತುಲ ರಸ್ತೆಯೂ ಸಂಧಿಸುವ ಸ್ಥಳ. ಇಲವಾಲದ ಕಡೆಯಿಂದ ನಗರಕ್ಕೆ ಬರುವ ವಿದ್ಯಾರ್ಥಿಗಳು, ಹೆಬ್ಬಾಳ ಮತ್ತು ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳಿಗೆ ತೆರಳುವ ಕಾರ್ಮಿಕರು, ನಗರದ ಕಚೇರಿಗಳಿಗೆ ಹೋಗುವವರು, ಖಾಸಗಿ ಶಾಲೆಗಳ ವಾಹನಗಳು ಎಲ್ಲವೂ ಇದೇ ದಾರಿಯನ್ನು ಅವಲಂಬಿಸಿವೆ. ಮೇಲುಸೇತುವೆಯಿಂದ ವಾಹನಗಳ ಓಟ ಸುಗಮವಾಗಬಹುದು. ಆದರೆ ಬಸ್ಸಿನೊಳಗಿನ ನೂಕುನುಗ್ಗಲು ಅದರಿಂದ ಕಡಿಮೆಯಾಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಬಳಿಕ ಮಹಿಳೆಯರ ಪ್ರಯಾಣ ಹೆಚ್ಚಿದೆ. ಇದು ಸ್ವಾಗತಾರ್ಹ. ಆದರೆ ತುಂಬಿದ ಬಸ್ಸು ನಿಲ್ಲಿಸದೆ ಮುಂದೆ ಹೋದಾಗ ಮೊದಲ ಪಾಠ ತಪ್ಪುವುದು ದಾರಿ ನಡುವಿನ ನಿಲ್ದಾಣದ ಮಕ್ಕಳಿಗೆ. ಇದು ಪ್ರತಿದಿನದ ಮಾತಾದರೆ, ಮೊದಲು ಶಾಲೆ ಬಿಡುವುದು ಬಹುಮಟ್ಟಿಗೆ ಹೆಣ್ಣುಮಗಳೇ. ನಗರದ ಅಂಚಿನ ಇತರ ಪಂಚಾಯಿತಿಗಳಿಗೂ ಇದೇ ಪರಿಸ್ಥಿತಿ ಎದುರಾಗಲಿದೆ.

2. ಲೆಕ್ಕದ ರೀತಿ

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಶಾಲೆಗಳಿವೆ; ಪ್ರತಿ ಶಾಲೆಗೆ 100 ಮಕ್ಕಳು ಶಾಲಾ ವಾಹನದಲ್ಲಿ ಬರುತ್ತಾರೆ; ಒಂದು ವಾಹನಕ್ಕೆ 50 ಆಸನ.

ಅ) ಎರಡೂ ಶಾಲೆಗಳು 9.30ಕ್ಕೆ ಆರಂಭವಾದರೆ 4 ವಾಹನಗಳು ಬೇಕು.

ಆ) ಮಕ್ಕಳನ್ನು ಹತ್ತಿಸಿಕೊಂಡು ಶಾಲೆ ತಲುಪಲು 25 ನಿಮಿಷ, ಖಾಲಿಯಾಗಿ ಮುಂದಿನ ಊರಿಗೆ ಮರಳಲು 15 ನಿಮಿಷ, ತಡವಾದರೆಂದು 5 ನಿಮಿಷ, ಒಟ್ಟು 45 ನಿಮಿಷ. ಮೊದಲ ಶಾಲೆ 9.15ಕ್ಕೂ ಎರಡನೆಯದು 10.00ಕ್ಕೂ ಆರಂಭವಾದರೆ 2 ವಾಹನಗಳೇ ಎರಡು ಸರದಿಯಲ್ಲಿ ಕೆಲಸ ಪೂರೈಸುತ್ತವೆ.

ಇ) ಅಂತರ 15 ನಿಮಿಷ ಮಾತ್ರವಾದರೆ ವಾಹನ ಮರಳಿ ಬರಲಾರದು. ಎಲ್ಲರಿಗೂ ತೊಂದರೆ, ಉಳಿತಾಯ ಸೊನ್ನೆ.

ಈ ಲೆಕ್ಕದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಸಂಜೆಯ ವೇಳೆ. ಬೆಳಿಗ್ಗೆ ವೇಳೆ ಬೇರೆ ಮಾಡಿ, ಸಂಜೆ ಎರಡೂ ಶಾಲೆಗಳನ್ನು ಒಟ್ಟಿಗೆ ಬಿಟ್ಟರೆ ಮತ್ತೆ 4 ವಾಹನಗಳೇ ಬೇಕು. ಎರಡು ಹೊತ್ತಿನಲ್ಲಿ ಯಾವುದಕ್ಕೆ ಹೆಚ್ಚು ವಾಹನ ಬೇಕೋ ಅದೇ ಒಟ್ಟು ಸಂಖ್ಯೆಯನ್ನು ನಿರ್ಧರಿಸುತ್ತದೆ.

ಎರಡನೆಯದು, ವೆಚ್ಚದ ಸ್ವರೂಪ. ಚಾಲಕರ ವೇತನ, ವಿಮೆ, ತೆರಿಗೆ, ಸಾಲದ ಕಂತು ಇವು ವಾಹನದ ಸಂಖ್ಯೆಯನ್ನು ಅನುಸರಿಸುತ್ತವೆ. ಡೀಸೆಲ್ ಮತ್ತು ಟಯರು ಓಡಿದ ದೂರವನ್ನು ಅನುಸರಿಸುತ್ತವೆ. ವೇಳೆ ಹೊಂದಿಸಿದಾಗ ಉಳಿಯುವುದು ಮೊದಲ ಬಗೆಯ ವೆಚ್ಚ. ಖಾಲಿ ಓಟದಿಂದಾಗಿ ಎರಡನೆಯ ಬಗೆಯದು ಸ್ವಲ್ಪ ಏರಲೂಬಹುದು. ಎರಡನ್ನೂ ಕೂಡಿಸಿ ನೋಡದೆ ಉಳಿತಾಯವೆಂದು ಹೇಳಲಾಗದು.

ಮೂರನೆಯದು, ಸಾರಿಗೆ ನಿಗಮದ ಬಸ್ಸು. ಅದು ಶಾಲೆಗಾಗಿಯೇ ಓಡುವುದಲ್ಲ. ನಿಗದಿತ ಅಂತರದಲ್ಲಿ ಎಲ್ಲರಿಗಾಗಿ ಓಡುತ್ತದೆ. ಇಲ್ಲಿ ಎರಡು ಶಾಲೆಗಳ ವೇಳೆಯ ನಡುವೆ ಎರಡು ಬಸ್ಸುಗಳ ನಡುವಿನಷ್ಟು ಅಂತರವಿದ್ದರೂ ಜನಸಂದಣಿ ಹಂಚಿಹೋಗುತ್ತದೆ. ಆದರೆ ಮಕ್ಕಳನ್ನು ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ತಳ್ಳಿದರೆ ಪರಿಹಾರವೇ ಹೊಸ ಸಮಸ್ಯೆಯಾಗುತ್ತದೆ.

3. ಎರಡು ನಗರಗಳ ಅನುಭವ

ಬೆಂಗಳೂರಿನ ಸಂಚಾರ ದಟ್ಟಣೆಯ ಕುರಿತ ಪ್ರಕರಣದಲ್ಲಿ, ಶಾಲಾ ವೇಳೆಯ ಬದಲಾವಣೆಯನ್ನು ಪರಿಶೀಲಿಸುವಂತೆ ಕರ್ನಾಟಕ ಉಚ್ಚ ನ್ಯಾಯಾಲಯವು 2023ರಲ್ಲಿ ಸರ್ಕಾರಕ್ಕೆ ಸೂಚಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯು ಸಂಬಂಧಪಟ್ಟವರ ಸಭೆ ನಡೆಸಿತು. ಅನೇಕ ಖಾಸಗಿ ಶಾಲೆಗಳು ಆಗಲೇ ಬೇಗ ಆರಂಭವಾಗುತ್ತಿದ್ದವು. ಇನ್ನೂ ಬೇಗ ಎಂದರೆ ಚಿಕ್ಕ ಮಕ್ಕಳಿಗೆ ನಿದ್ರೆಯೂ ಇಲ್ಲ, ತಿಂಡಿಯೂ ಇಲ್ಲ ಎಂಬ ಆಕ್ಷೇಪ ಬಂತು. ಬದಲಾವಣೆ ಜಾರಿಗೆ ಬರಲಿಲ್ಲ.

ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಶಾಲೆಗಳು ಸಾರಿಗೆಗಾಗಿ ವರ್ಷಕ್ಕೆ 10 ಕೋಟಿ ಡಾಲರಿಗೂ ಹೆಚ್ಚು ವ್ಯಯಿಸುತ್ತಿದ್ದವು. 2017ರಲ್ಲಿ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ಗಣಕಯಂತ್ರದ ನೆರವಿನಿಂದ ಬಸ್ಸುಗಳ ಮಾರ್ಗವನ್ನು ಮರುರೂಪಿಸಿ ಸುಮಾರು 50 ಬಸ್ಸುಗಳನ್ನು ಕಡಿಮೆ ಮಾಡಿದರು. ಅದು ಯಶಸ್ವಿಯಾಯಿತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಶಾಲೆಗಳ ವೇಳೆಯನ್ನೇ ಬದಲಿಸುವ ಪಟ್ಟಿ ಪ್ರಕಟವಾದಾಗ, ಅನೇಕ ಪ್ರಾಥಮಿಕ ಶಾಲೆಗಳು ತೀರ ಬೇಗ ಆರಂಭವಾಗಿ ತೀರ ಬೇಗ ಮುಗಿಯುವುದನ್ನು ಕಂಡು ಪೋಷಕರು ಪ್ರತಿಭಟಿಸಿದರು. ಅದೇ ತಿಂಗಳಲ್ಲಿ ಪ್ರಸ್ತಾವವನ್ನು ಕೈಬಿಡಲಾಯಿತು. ಮಾರ್ಗ ಬದಲಾದರೆ ಬಸ್ಸಿನ ದಾರಿ ಬದಲಾಗುತ್ತದೆ. ವೇಳೆ ಬದಲಾದರೆ ಮನೆಯ ದಿನಚರಿಯೇ ಬದಲಾಗುತ್ತದೆ. ಎರಡೂ ಊರುಗಳಿಂದ ಕಲಿಯಬೇಕಾದದ್ದು ಇದನ್ನೇ.

4. ಯಾರ ಮಾತನ್ನು ಕೇಳಬೇಕು?

ಸಂಜೆ ತಡವಾಗುವ ಶಾಲೆಯ ಹೆಣ್ಣುಮಕ್ಕಳನ್ನು ಮೊದಲು ಕೇಳಬೇಕು. ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಬಸ್ಸಿಳಿದು ತೋಟದ ಮನೆಗೆ ನಡೆಯುವ ದಾರಿಯಲ್ಲಿ ಬೀದಿದೀಪ ಇರಲಾರದು. ಬೇಗ ಕೆಲಸಕ್ಕೆ ಹೊರಡುವ ತಾಯಂದಿರು, ಅಣ್ಣ ಒಂದು ಶಾಲೆಯಲ್ಲಿ ತಂಗಿ ಇನ್ನೊಂದರಲ್ಲಿ ಇರುವ ಮನೆಗಳು, ಬೇರೆ ಊರಿನಿಂದ ಬರುವ ಶಿಕ್ಷಕರು, ಕ್ಷೀರಭಾಗ್ಯದ ಹಾಲನ್ನೂ ಬಿಸಿಯೂಟವನ್ನೂ ಸಿದ್ಧಪಡಿಸುವ ಅಡುಗೆಯವರು ಇವರೆಲ್ಲರ ಅಭಿಪ್ರಾಯ ಅಗತ್ಯ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 800 ಮತ್ತು 6ರಿಂದ 8ನೇ ತರಗತಿಗೆ 1,000 ಬೋಧನಾ ಗಂಟೆಗಳು ಕಡ್ಡಾಯ. ಬಸ್ಸಿಗಾಗಿ ಪಾಠದ ಅವಧಿಯನ್ನು ಮೊಟಕುಗೊಳಿಸುವಂತಿಲ್ಲ.

5. ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಶಾಲಾ ವೇಳೆಯನ್ನು ನಿಗದಿಪಡಿಸುವುದು ಶಿಕ್ಷಣ ಇಲಾಖೆಯ ಅಧಿಕಾರ. ಬಸ್ಸಿನ ವೇಳೆಯನ್ನು ನಿಗದಿಪಡಿಸುವುದು ಸಾರಿಗೆ ನಿಗಮದ ಅಧಿಕಾರ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ಕೆಲಸ ಪಂಚಾಯಿತಿಯದು.

• ಶಿಕ್ಷಣ ವಿಷಯವನ್ನು ನೋಡಿಕೊಳ್ಳುವ ಸ್ಥಾಯಿ ಸಮಿತಿಯ ಮುಂದೆ ವಿಷಯವನ್ನು ಮಂಡಿಸುವುದು.

• ಒಂದು ವಾರ, ಪ್ರತಿ ನಿಲ್ದಾಣದಲ್ಲಿ ಎಷ್ಟು ಮಕ್ಕಳು ಕಾದರು, ಎಷ್ಟು ಜನ ಹತ್ತಿದರು, ಯಾವ ಬಸ್ಸು ನಿಲ್ಲಲಿಲ್ಲ ಎಂಬುದನ್ನು ದಾಖಲಿಸುವುದು. ಶನಿವಾರದ ಬೆಳಗಿನ ತರಗತಿಯ ದಿನವನ್ನು ಪ್ರತ್ಯೇಕವಾಗಿ ಬರೆದುಕೊಳ್ಳುವುದು. ವೇಳೆ ಬದಲಾದಾಗ ಏನಾಗುತ್ತದೆಂಬುದಕ್ಕೆ ಅದೇ ಸಿದ್ಧ ಪರೀಕ್ಷೆ.

• ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲೂ ಮಕ್ಕಳ ಗ್ರಾಮಸಭೆಯಲ್ಲೂ ಚರ್ಚಿಸುವುದು.

• ಮೊದಲು ಬಸ್ಸಿನ ವೇಳೆಯನ್ನೇ 10–15 ನಿಮಿಷ ಸರಿಸಿದರೆ ಸಾಕೇ ಎಂದು ಘಟಕ ವ್ಯವಸ್ಥಾಪಕರೊಂದಿಗೆ ಪರಿಶೀಲಿಸುವುದು. ಸಾಲದಿದ್ದರೆ ಮಾತ್ರ ಶಾಲಾ ವೇಳೆಯ ಪ್ರಸ್ತಾವವನ್ನು, ದಾಖಲೆ ಸಹಿತ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸುವುದು.

• ಅನುಮತಿ ದೊರೆತರೆ ಒಂದು ಅರ್ಧವರ್ಷಕ್ಕೆ ಪ್ರಾಯೋಗಿಕವಾಗಿ ನಡೆಸಿ, ಹಾಜರಾತಿಯನ್ನು ಹೋಲಿಸಿ, ಮುಂದುವರಿಸುವ ಅಥವಾ ಕೈಬಿಡುವ ತೀರ್ಮಾನ ಕೈಗೊಳ್ಳುವುದು.

ಚರ್ಚೆಗೆ ಪ್ರಶ್ನೆಗಳು

1) ತಮ್ಮ ಪಂಚಾಯಿತಿಯಲ್ಲಿ ಒಂದೇ ರಸ್ತೆಯನ್ನು ಬಳಸುವ ಶಾಲೆ, ಕಾಲೇಜುಗಳೆಷ್ಟು? ಅವುಗಳ ಆರಂಭದ ಮತ್ತು ಮುಕ್ತಾಯದ ವೇಳೆ ಯಾವುದು?

2) ಬೆಳಗಿನ ಬಸ್ಸು ತಪ್ಪಿದ ಮಗುವಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?

3) ಸಂಜೆ ಕೊನೆಯದಾಗಿ ಮನೆ ತಲುಪುವ ವಿದ್ಯಾರ್ಥಿನಿ ಯಾವ ಊರಿನವಳು? ಆಕೆ ನಡೆಯುವ ದಾರಿಯಲ್ಲಿ ಬೆಳಕಿದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ದೊರೆತ ನಂತರವೇ ವೇಳೆ ಬದಲಾವಣೆಯ ಠರಾವಿಗೆ ಮುಂದಾಗುವುದು ಸೂಕ್ತ.